ನಿಘಂಟಿನ ಹಿಂದಿದ್ದ ಹಾಡುಗಾರ

ತುಂಗಭದ್ರೆಯ ದಡದ ಮುಕ್ಕುಂದ ನನ್ನ ಹುಟ್ಟೂರು. ನಮ್ಮ ಸೀಮೆಯಲ್ಲಿ ಕಥೆಯೆಂದರೆ ಓದುವುದಲ್ಲ, ಹಾಡುವುದು. ಶ್ರಾವಣ ಬಂತೆಂದರೆ ಗುಡಿಯ ಕಟ್ಟೆಯಲ್ಲಿ ಪುರಾಣ ಹಚ್ಚುತ್ತಿದ್ದರು. ಅಜ್ಜನ ಮಡಿಲಲ್ಲಿ ಕುಳಿತು ಕೇಳುತ್ತಿದ್ದ ನನಗೆ ಅರ್ಥ ತಿಳಿಯುತ್ತಿರಲಿಲ್ಲ. ಆದರೆ ಪದ್ಯದ ನಡೆ ಮಾತ್ರ ಮೈಯಲ್ಲಿ ಇಳಿದುಹೋಗಿತ್ತು. ನೆರೆಯ ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದ ಜಗನ್ನಾಥದಾಸರು ತಮ್ಮ ತತ್ತ್ವಗ್ರಂಥವಾದ ‘ಹರಿಕಥಾಮೃತಸಾರ’ವನ್ನೂ ಭಾಮಿನಿ ಷಟ್ಪದಿಯಲ್ಲಿಯೇ ರಚಿಸಿದರು. ಶಾಸ್ತ್ರವೂ ಜನರ ಬಾಯಿಗೆ ಬರಬೇಕಾದರೆ ಹಾಡಾಗಿಯೇ ಬರಬೇಕೆಂಬುದು ಈ ನೆಲದ ಹಳೆಯ ತಿಳಿವಳಿಕೆ.

ಇದು ಗೊತ್ತಿದ್ದೂ ನಾನು ಒಂದು ವಿಷಯದಲ್ಲಿ ಕುರುಡನಾಗಿದ್ದೆ. ಕಳೆದ ವರ್ಷ ಬಿ.ಎ. ತರಗತಿಯಲ್ಲಿ ರೆವರೆಂಡ್ ಕಿಟ್ಟೆಲರ ನಿಘಂಟಿನ ಮಹತ್ತ್ವವನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಭಾನುವಾರ ನಾವು ಚರ್ಚಿನಲ್ಲಿ ಕನ್ನಡದಲ್ಲೇ ಹಾಡುತ್ತೇವಲ್ಲ, ಆ ಹಾಡುಗಳು ಸಾಹಿತ್ಯ ಚರಿತ್ರೆಯಲ್ಲಿ ಎಲ್ಲಿ ಬರುತ್ತವೆ?” ಎಂದು ಕೇಳಿದಳು. “ಅವು ಪಠ್ಯದಲ್ಲಿಲ್ಲಮ್ಮ” ಎಂದುಬಿಟ್ಟೆ. ಅವಳು ಮರುಮಾತಾಡದೆ ಕುಳಿತಳು. ಆ ಮೌನ ನನ್ನನ್ನು ಮನೆಯವರೆಗೂ ಹಿಂಬಾಲಿಸಿ ಬಂದಿತು. ಯಾರ ಹೆಸರನ್ನು ಹೇಳುತ್ತ ಕರಿಹಲಗೆಯ ಮುಂದೆ ನಿಂತಿದ್ದೆನೋ, ಆ ಕಿಟ್ಟೆಲರೇ ಅವಳ ಪ್ರಶ್ನೆಗೆ ಉತ್ತರವಾಗಿದ್ದರು.

ಫರ್ಡಿನೆಂಡ್ ಕಿಟ್ಟೆಲರು ಹುಟ್ಟಿದ್ದು ೧೮೩೨ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ೧೮೫೦ರಲ್ಲಿ ಬಾಸೆಲ್ ಮಿಷನ್ನಿನ ವಿದ್ಯಾರ್ಥಿಯಾದ ತರುಣ ೧೮೫೩ರಲ್ಲಿ ಕನ್ನಡನಾಡಿಗೆ ಬಂದರು. ಬಂದ ಒಂಬತ್ತೇ ವರ್ಷಕ್ಕೆ, ೧೮೬೨ರಲ್ಲಿ, ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಅವರ ‘ಕಥಾಮಾಲೆ’ ಹೊರಬಂದಿತು. ಅದು ಯೇಸುಕ್ರಿಸ್ತನ ಜೀವನವನ್ನು ನಮ್ಮ ನಾಡಿನ ಗೇಯಶೈಲಿಯಲ್ಲಿ ಹೇಳುವ ಪದ್ಯಕೃತಿ. ನಿಘಂಟು ಅಚ್ಚಾಗುವುದಕ್ಕೆ ಇನ್ನೂ ಮೂವತ್ತೆರಡು ವರ್ಷಗಳಿದ್ದವು.

ಹಾಡು ಪ್ರಾಟೆಸ್ಟಂಟ್ ಪಂಥಕ್ಕೆ ಹೊರಗಿನ ಅಲಂಕಾರವಲ್ಲ. ಮಾರ್ಟಿನ್ ಲೂಥರನು ೧೫೨೪ರಿಂದಲೇ ಜನಭಾಷೆಯ ಗೀತೆಗಳನ್ನು ಅಚ್ಚಿಗೆ ಕೊಟ್ಟು, ಆರಾಧನೆಯಲ್ಲಿ ಇಡೀ ಸಭೆಯೇ ಹಾಡಬೇಕೆಂಬ ಪದ್ಧತಿಗೆ ಬುನಾದಿ ಹಾಕಿದ್ದನು. ಆದುದರಿಂದ ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳಿಗೆ ಕನ್ನಡ ಗೀತೆಗಳು ಬೇಕೇಬೇಕಾಗಿದ್ದವು. ಜರ್ಮನ್ ರಾಗವನ್ನು ಹಾಗೆಯೇ ಇಟ್ಟುಕೊಂಡು ಅದಕ್ಕೆ ಕನ್ನಡ ಮಾತುಗಳನ್ನು ತೊಡಿಸುವುದು ಸುಲಭವಾದ ದಾರಿಯೆಂದು ಯಾರಿಗಾದರೂ ತೋರೀತು.

ಆದರೆ ಆ ದಾರಿಯಲ್ಲಿ ಒಂದು ಮುಳ್ಳಿದೆ. ಜರ್ಮನ್ ಪದ್ಯ ನಡೆಯುವುದು ಒತ್ತಿನ ಮೇಲೆ. ನಮ್ಮ ದೇಸಿ ಪದ್ಯ ನಡೆಯುವುದು ಮಾತ್ರೆಯ ಮೇಲೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಭಾಮಿನಿಯ ಸಣ್ಣ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳ ಹೆಜ್ಜೆಯಿಡುತ್ತದೆ. ಈ ಅಳತೆಯನ್ನು ಲೆಕ್ಕಿಸದ ರಾಗದಲ್ಲಿ ಹ್ರಸ್ವವನ್ನು ಎಳೆದು ಹಾಡಿದರೆ ‘ಮನ’ ಎಂಬುದು ‘ಮಾನ’ವಾಗುತ್ತದೆ, ‘ದನ’ವು ‘ದಾನ’ವಾಗುತ್ತದೆ. ದೇವರಿಗೆ ಮನವನ್ನು ಒಪ್ಪಿಸಲು ಹೊರಟವನು ಮಾನವನ್ನು ಒಪ್ಪಿಸಿ ಬಂದಂತೆ! ನಗಬೇಡಿ, ಪರಭಾಷೆಯ ಧಾಟಿಗೆ ಕನ್ನಡವನ್ನು ಒಗ್ಗಿಸುವವರೆಲ್ಲರಿಗೂ ಇಂದಿಗೂ ಈ ತೊಡಕು ತಪ್ಪಿದ್ದಲ್ಲ.

ಈ ನಾಡಿನವರ ಕಿವಿ ಎಂತಹುದೆಂಬುದನ್ನು ಅರಿಯಲು ಕಿಟ್ಟೆಲರಿಗಿಂತ ಮೊದಲೇ ಒಬ್ಬರು ಹಾದಿ ಮಾಡಿದ್ದರು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹೆರ್ಮನ್ ಮೋಗ್ಲಿಂಗರು ೧೮೫೦ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ತಮ್ಮ ಮತವನ್ನು ಸಾರಲು ಬಂದವರು ಹರಿದಾಸರ ಹಾಡುಗಳಿಗೆ ಮೊದಲು ಅಚ್ಚಿನ ರೂಪ ಕೊಟ್ಟರೆಂಬುದು ಚರಿತ್ರೆಯ ಒಂದು ಸೋಜಿಗ. ಅವರ ಉದ್ದೇಶವೇನಿದ್ದರೂ ಕೇಳಿಸಿಕೊಂಡ ಕಿವಿ ಸುಳ್ಳಲ್ಲ.

ಕಿಟ್ಟೆಲರ ಮುಂದಿನ ಕೃತಿಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದಾಗ ನನಗೊಂದು ಹೊಳೆಯಿತು. ೧೮೬೨ರಲ್ಲಿ ‘ಕಥಾಮಾಲೆ’. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಪಾದನೆ. ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’. ೧೮೯೪ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು. ೧೯೦೩ರಲ್ಲಿ ಕನ್ನಡ ವ್ಯಾಕರಣ. ಅಂದರೆ ಮೊದಲು ಹಾಡು, ಆಮೇಲೆ ವ್ಯಾಕರಣ, ಛಂದಸ್ಸು, ಕೊನೆಗೆ ಪದಕೋಶ. ಕನ್ನಡದಲ್ಲಿ ಹಾಡು ಕಟ್ಟಲು ಹೊರಟವನಿಗೆ ಯಾವ ಅಕ್ಷರ ಲಘು, ಯಾವುದು ಗುರು, ಪ್ರಾಸ ಎಲ್ಲಿ ಕೂಡಬೇಕು ಎಂಬ ಪ್ರಶ್ನೆಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಆ ಪ್ರಶ್ನೆಗಳೇ ಅವರನ್ನು ನಾಗವರ್ಮನ ಬಾಗಿಲಿಗೆ ಕರೆದೊಯ್ದಿರಬೇಕೆಂದು ನನ್ನ ಊಹೆ. ನಾವು ಪಂಡಿತನನ್ನು ಪೂಜಿಸಿ ಹಾಡುಗಾರನನ್ನು ಮರೆತೆವು. ಆದರೆ ಪಂಡಿತನನ್ನು ಹೆತ್ತದ್ದು ಹಾಡುಗಾರನೇ ಇರಬಾರದೇಕೆ?

ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ೧೮೯೬ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ೧೯೦೩ರ ಡಿಸೆಂಬರಿನಲ್ಲಿ ಅವರು ಅದೇ ಊರಿನಲ್ಲಿ ಕಣ್ಮುಚ್ಚಿದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಪ್ರತಿಮೆಯಿದೆ. ‘ಕಥಾಮಾಲೆ’ಯನ್ನು ಕೇಳುವವರು ಮಾತ್ರ ವಿರಳ.

‘ಕಥಾಮಾಲೆ’ಯನ್ನು ಕುಮಾರವ್ಯಾಸನ ಪಕ್ಕದಲ್ಲಿಡಬೇಕೆಂದು ನಾನು ವಾದಿಸುತ್ತಿಲ್ಲ. ಮತಪ್ರಚಾರದ ಉದ್ದೇಶವನ್ನೂ ಮರೆಮಾಚಬೇಕಿಲ್ಲ. ನನ್ನ ಮಾತು ಇಷ್ಟೆ: ಜೈನರು, ಶರಣರು, ದಾಸರು ತಮ್ಮ ತಮ್ಮ ದೇವರನ್ನು ಹಾಡಿ ಕನ್ನಡವನ್ನು ಬೆಳೆಸಿದರೆಂದು ಹೆಮ್ಮೆಯಿಂದ ಪಾಠ ಹೇಳುವ ನಾವು, ಅದೇ ಭಾಷೆಯಲ್ಲಿ ಹಾಡಿದ ಇನ್ನೊಂದು ಸಮುದಾಯವನ್ನು ಹೊಸ್ತಿಲ ಹೊರಗೆ ನಿಲ್ಲಿಸುವುದು ನ್ಯಾಯವಲ್ಲ. ಆ ಸಮುದಾಯದಿಂದಲೇ ಬಂದ ಉತ್ತಂಗಿ ಚನ್ನಪ್ಪನವರು ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿಕೊಟ್ಟರು; ೧೯೪೯ರಲ್ಲಿ ನಮ್ಮ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿರುವ ಚರ್ಚು ೧೫೫೭ಕ್ಕೂ ಹಿಂದಿನದೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಕಥೋಲಿಕರ ಬಲಿಪೂಜೆಯ ಭಾಷೆ ಶತಮಾನಗಳ ಕಾಲ ಲ್ಯಾಟಿನ್ ಆಗಿತ್ತು. ೧೯೬೩ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ದಾರಿ ತೆರೆದು, ಆಯಾ ನಾಡಿನ ಸಂಗೀತಕ್ಕೂ ಮನ್ನಣೆಯಿತ್ತಿತು. ಕಿಟ್ಟೆಲರು ಬೇರೊಂದು ಪಂಥದಲ್ಲಿದ್ದುಕೊಂಡು ಆ ಮಾತಿಗೆ ನೂರೊಂದು ವರ್ಷ ಮೊದಲೇ ಕನ್ನಡದ ಧಾಟಿಯನ್ನು ಹಿಡಿದಿದ್ದರು.

ಇಷ್ಟನ್ನು ಗುರುತು ಹಾಕಿಕೊಂಡು ಮರುವಾರ ತರಗತಿಗೆ ಹೋದೆ. “ಹಿಂದೆ ನಾನು ಕೊಟ್ಟ ಉತ್ತರ ತಪ್ಪು” ಎಂದು ಎಲ್ಲರೆದುರು ಹೇಳಿ, ಒಂದು ಹಾಡನ್ನು ಹಾಡಲು ಆ ಹುಡುಗಿಯನ್ನು ಕೇಳಿಕೊಂಡೆ. ಸಂಕೋಚದಿಂದಲೇ ಎದ್ದು ಹಾಡಿದಳು. ಮುಂದಿನ ಬೆಂಚಿನಲ್ಲಿದ್ದ, ಊರ ಭಜನಾ ಮೇಳದಲ್ಲಿ ತಾಳ ಹಾಕುವ ಹುಡುಗನೊಬ್ಬನ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಆಡತೊಡಗಿದವು. ಸಾಹಿತ್ಯ ಚರಿತ್ರೆಯಲ್ಲಿ ಆ ಹಾಡಿನ ಸ್ಥಾನ ಎಲ್ಲಿಯೆಂಬುದನ್ನು ವಿದ್ವಾಂಸರು ನಿಧಾನವಾಗಿ ನಿರ್ಣಯಿಸಲಿ. ಆ ದಿನ ನಮ್ಮ ತರಗತಿಯಲ್ಲಿ ಅದಕ್ಕೊಂದು ಜಾಗ ಸಿಕ್ಕಿತು.