ಹಳೆಯ ನಾಣ್ಯ ಮಾರುವವರಿಗೆ

ರೋಣ, ನರಗುಂದ, ಗಜೇಂದ್ರಗಡದ ನಮ್ಮ ಯುವಕರಲ್ಲಿ ಕೆಲವರು ಹಳೆಯ ನಾಣ್ಯ, ನೋಟು ಕೂಡಿಡುತ್ತಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ ಮಾರುವವರೂ ಇದ್ದಾರೆ. ಕಳೆದ ಜುಮಾದಲ್ಲಿ ಈ ವಿಷಯ ಎತ್ತಿದ್ದೆವು.

ಪ್ರವಾದಿ(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲ ಎಂದು ಕೇಳಿದರು. ಫೋಟೋ ಹಾಕುವವರಿಗೂ ಇದೇ ಪ್ರಶ್ನೆ. ನಾಣ್ಯದ ಎರಡೂ ಮುಖ ತೋರಿಸಿ. ಸವೆದಿದ್ದರೆ, ತೂತಿದ್ದರೆ, ಸರಕ್ಕೆ ಕೊಂಡಿ ಬೆಸೆದ ಗುರುತಿದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ. ಕೈಯಲ್ಲಿಲ್ಲದ್ದನ್ನು ಮಾರಬೇಡಿ. ಗೆಳೆಯನಿಂದ ಸುಳ್ಳು ಬೆಲೆ ಕೂಗಿಸುವುದು ನಜಶ್, ಅದು ನಿಷಿದ್ಧ. ಒಬ್ಬರೊಂದಿಗೆ ಮಾತು ಮುಗಿದ ಮೇಲೆ ಹೆಚ್ಚು ಕೊಡುವವರು ಬಂದರೆಂದು ಮಾತು ತಿರುಗಿಸಬೇಡಿ.

786 ಸಂಖ್ಯೆಯ ನೋಟನ್ನು 'ಬರಕತ್ ಇದೆ' ಎಂದು ಬರೆದು ಮಾರುವುದುಂಟು. ಆ ಸಂಖ್ಯೆ ಅಬ್ಜದ್ ಲೆಕ್ಕದಲ್ಲಿ ಬಿಸ್ಮಿಲ್ಲಾದ ಅಕ್ಷರಗಳ ಮೊತ್ತ, ಅಷ್ಟೇ. ಸಂಗ್ರಹಕಾರ ಇಷ್ಟಪಟ್ಟು ಹೆಚ್ಚು ಕೊಟ್ಟರೆ ಅದು ಅವನ ಖುಷಿ. ಬರಕತ್ತಿನ ಆಸೆ ಹುಟ್ಟಿಸಿ ಬಡವರ ಹಣ ಪಡೆಯುವುದು ನಮಗೆ ಸರಿ ಕಾಣುವುದಿಲ್ಲ.

ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಎಂದರೆ ಕಳಿಸಬೇಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಹೊಲ ಉಳುವಾಗ, ಪಾಯ ಅಗೆಯುವಾಗ ಸಿಕ್ಕ ನಿಧಿಯನ್ನಂತೂ ಗುಂಪಿಗೆ ಹಾಕಲೇಬೇಡಿ. ಕಾನೂನಿನಂತೆ ಅದನ್ನು ಗದಗ ಜಿಲ್ಲಾಡಳಿತಕ್ಕೆ ತಿಳಿಸಬೇಕು. ತಹಶೀಲ್ದಾರ್ ಕಚೇರಿಗೆ ಹೋಗಿ ವಿಚಾರಿಸಿ.