ಒಂದು ನಿಘಂಟು ಕಡತ, ಇಬ್ಬರು ವಾರಸುದಾರರು

ಡೆಬಿಯನ್ ಅಥವಾ ಉಬುಂಟುವಿನಲ್ಲಿ ಕಾಗುಣಿತ ಪರೀಕ್ಷಕದ ನಿಘಂಟು ಹಾಕಿಕೊಳ್ಳಲು ಹೋದಾಗ ಕೆಲಸ ಒಮ್ಮೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಈ ಕಡತ ಆಗಲೇ ಇನ್ನೊಂದು ಪ್ಯಾಕೇಜಿನಲ್ಲಿದೆ ಎಂಬ ಸಂದೇಶ ಪರದೆಯಲ್ಲಿ ಮೂಡುತ್ತದೆ. ಅದನ್ನು ಪೂರ್ತಿ ಓದದೆ ಮಾಡುವ ಊಹೆಗಳೇ ಮುಂದಿನ ತೊಂದರೆಗೆಲ್ಲ ಮೂಲ.

ತಪ್ಪು ಕಲ್ಪನೆ: ಕಾಗುಣಿತ ಪರೀಕ್ಷಕ ಹನ್‌ಸ್ಪೆಲ್ ಕೆಟ್ಟಿದೆ.

ಸತ್ಯ: ಹನ್‌ಸ್ಪೆಲ್ ಇನ್ನೂ ಓಡಿಯೇ ಇಲ್ಲ. ತಡೆದದ್ದು ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನವಾದ ಡಿಪಿಕೆಜಿ. ಯಾವ ಕಡತ ಯಾವ ಪ್ಯಾಕೇಜಿನದು ಎಂಬ ದಾಖಲೆಯನ್ನು ಅದು ಇಟ್ಟುಕೊಂಡಿರುತ್ತದೆ. ಒಂದೇ ಜಾಗದ ಒಂದೇ ಹೆಸರಿನ ಕಡತಕ್ಕೆ ಎರಡನೆಯ ಪ್ಯಾಕೇಜು ಹಕ್ಕು ಸಾಧಿಸಿದರೆ ಡಿಪಿಕೆಜಿ ಒಪ್ಪುವುದಿಲ್ಲ. ಹೊಸ ಆವೃತ್ತಿಯಲ್ಲಿ ಕಡತವೊಂದು ಬೇರೆ ಪ್ಯಾಕೇಜಿಗೆ ವರ್ಗವಾದರೆ, ಪ್ಯಾಕೇಜು ಕಟ್ಟುವವರು ಅದನ್ನು ಬ್ರೇಕ್ಸ್ ಮತ್ತು ರಿಪ್ಲೇಸಸ್ ಎಂಬ ಸಾಲುಗಳಲ್ಲಿ ಘೋಷಿಸಬೇಕು. ಅದು ಬಿಟ್ಟುಹೋದಾಗ, ಇಲ್ಲವೇ ಹೊರಗಿನ ಭಂಡಾರದ ಪ್ಯಾಕೇಜುಗಳನ್ನು ಬೆರೆಸಿದಾಗ ಈ ಜಗಳ ಹುಟ್ಟುತ್ತದೆ.

ತಪ್ಪು ಕಲ್ಪನೆ: ಬಲವಂತವಾಗಿ ಮೇಲೆ ಬರೆಸಿದರೆ ಮುಗಿಯಿತು.

ಸತ್ಯ: ಫೋರ್ಸ್ ಓವರ್‌ರೈಟ್ ಆಯ್ಕೆ ಕೊಟ್ಟರೆ ಸಂದೇಶ ಮಾಯವಾಗುತ್ತದೆ, ನಿಜ. ಆದರೆ ಕಡತದ ಒಡೆತನ ಹೊಸ ಪ್ಯಾಕೇಜಿಗೆ ಹೋಗುತ್ತದೆ. ಮುಂದೆ ಆ ಹೊಸದನ್ನು ತೆಗೆದುಹಾಕಿದ ದಿನ ಕಡತವೂ ಅಳಿಯುತ್ತದೆ. ಹಳೆಯ ಪ್ಯಾಕೇಜು ಮಾತ್ರ ದಾಖಲೆಯಲ್ಲಿ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಬೇರೆ ಕಡೆಯಿಂದ ಒಂದು ಕಡತವನ್ನು ಕೈಯಾರೆ ತಂದು ಹಾಕುವುದು ಇನ್ನೂ ಕೆಟ್ಟದ್ದು. ಹನ್‌ಸ್ಪೆಲ್ ನಿಘಂಟೆಂದರೆ ಜೋಡಿ ಕಡತ: ಡಿಕ್ ಕಡತದಲ್ಲಿ ಪದಗಳು, ಆಫ್ ಕಡತದಲ್ಲಿ ಪ್ರತ್ಯಯದ ನಿಯಮಗಳು. ಯಾವ ಪದಕ್ಕೆ ಯಾವ ನಿಯಮ ಎಂಬುದನ್ನು ಪದದ ಪಕ್ಕದ ಗುರುತು ಹೇಳುತ್ತದೆ. ಜೋಡಿ ತಪ್ಪಿದರೆ ಆ ಗುರುತುಗಳಿಗೆ ಅರ್ಥವಿಲ್ಲ, ಸರಿಯಾದ ಪದದ ಕೆಳಗೂ ಕೆಂಪು ಗೆರೆ ಬೀಳುತ್ತದೆ. ಪ್ರತ್ಯಯಗಳು ಹೇರಳವಾಗಿರುವ ಹಂಗೇರಿಯನ್ ಭಾಷೆಗಾಗಿ ಲಾಸ್ಲೊ ನೇಮೆತ್ ರೂಪಿಸಿದ ಸಾಧನ ಹನ್‌ಸ್ಪೆಲ್. ಮನೆಗೆ, ಮನೆಯಲ್ಲಿ, ಮನೆಯಿಂದಲೂ ಎಂದು ಬೆಳೆಯುವ ಕನ್ನಡಕ್ಕೂ ಆ ನಿಯಮದ ಕಡತವೇ ಜೀವಾಳ.

ತಪ್ಪು ಕಲ್ಪನೆ: ಎರಡು ಪರೀಕ್ಷಕಗಳು ಒಟ್ಟಿಗೆ ಇರಲಾರವು.

ಸತ್ಯ: ಆಸ್ಪೆಲ್ ಮತ್ತು ಹನ್‌ಸ್ಪೆಲ್ ಒಂದೇ ಗಣಕದಲ್ಲಿ ನೆಮ್ಮದಿಯಾಗಿ ಇರುತ್ತವೆ. ಅಮೆರಿಕನ್ ಮತ್ತು ಬ್ರಿಟಿಷ್ ಇಂಗ್ಲಿಷ್ ಪದಪಟ್ಟಿಗಳೂ ಡೆಬಿಯನ್‌ನಲ್ಲಿ ಬೇರೆ ಬೇರೆ ಹೆಸರಿನ ಕಡತಗಳಾಗಿ ಕೂರುತ್ತವೆ; ವರ್ಡ್ಸ್ ಎಂಬ ಕೊಂಡಿ ಅವುಗಳಲ್ಲಿ ಒಂದರತ್ತ ತೋರಿಸುತ್ತದೆ. ಯಾವುದರತ್ತ ಎಂಬ ಆಯ್ಕೆಯನ್ನು ನೋಡಿಕೊಳ್ಳಲೆಂದೇ ಡಿಕ್ಷನರೀಸ್ ಕಾಮನ್ ಎಂಬ ಪ್ಯಾಕೇಜಿದೆ. ಇದು ಅಚ್ಚುಕಟ್ಟಾದ ವ್ಯವಸ್ಥೆ, ಬಳಕೆದಾರರಲ್ಲಿ ಹಲವರಿಗೆ ಗೊತ್ತೇ ಇಲ್ಲದಿರುವುದು ಬೇಸರದ ಸಂಗತಿ.

ತಪ್ಪು ಕಲ್ಪನೆ: ಪೈಥಾನ್‌ನ ಪ್ಯಾಕೇಜು ಸಾಧನ ಪಿಪ್ ಮೂಲಕ ತಂದರೆ ಘರ್ಷಣೆಯೇ ಇಲ್ಲ.

ಸತ್ಯ: ಪ್ರೋಗ್ರಾಮುಗಳಲ್ಲಿನ ಅಕ್ಷರದೋಷ ಹುಡುಕುವ ಕೋಡ್‌ಸ್ಪೆಲ್ ಡೆಬಿಯನ್‌ನ ಪ್ಯಾಕೇಜು ಸಾಧನ ಆಪ್ಟ್‌ನಲ್ಲೂ ಸಿಗುತ್ತದೆ, ಪಿಪ್‌ನಲ್ಲೂ ಸಿಗುತ್ತದೆ. ಎರಡನ್ನೂ ಹಾಕಿದರೆ ಯಾವ ಆವೃತ್ತಿ ಓಡುತ್ತಿದೆ ಎಂಬುದೇ ಗೊಂದಲ. 2023ರಲ್ಲಿ ಬಂದ ಡೆಬಿಯನ್ 12, ವ್ಯವಸ್ಥೆಯ ಪೈಥಾನ್‌ಗೆ ನೇರವಾಗಿ ಕೈಹಾಕದಂತೆ ಪಿಪ್ ಅನ್ನು ತಡೆಯುವುದು ಇಂಥ ಗೊಂದಲ ತಪ್ಪಿಸಲೆಂದೇ. ವರ್ಚುವಲ್ ಎನ್ವಿರಾನ್ಮೆಂಟ್‌ನೊಳಗೆ ಹಾಕಿಕೊಂಡರೆ ಯಾವ ತಕರಾರೂ ಇಲ್ಲ.

ಇನ್ನು, ಪ್ಯಾಕೇಜು ತೆಗೆದರೆ ತಾವು ಸೇರಿಸಿಟ್ಟ ಪದಗಳೂ ಹೋಗುತ್ತವೆ ಎಂಬ ಹೆದರಿಕೆ ಬೇಡ. ಅವು ನಿಮ್ಮ ಹೋಮ್ ಫೋಲ್ಡರಿನಲ್ಲಿರುತ್ತವೆ, ಡಿಪಿಕೆಜಿ ಅಲ್ಲಿಗೆ ಕೈಹಾಕುವುದಿಲ್ಲ.

ಜಗಳ ಎದುರಾದಾಗ ಸಂದೇಶದಲ್ಲಿರುವ ಎರಡು ಪ್ಯಾಕೇಜುಗಳ ಹೆಸರನ್ನು ಬರೆದುಕೊಳ್ಳಿ. ಬೇಡದ್ದನ್ನು ಆಪ್ಟ್ ಮೂಲಕವೇ ತೆಗೆದು, ಫಿಕ್ಸ್ ಬ್ರೋಕನ್ ಆಯ್ಕೆಯೊಂದಿಗೆ ಅನುಸ್ಥಾಪನೆ ಮುಗಿಸಿ. ಎರಡೂ ಡೆಬಿಯನ್‌ನ ಅಧಿಕೃತ ಪ್ಯಾಕೇಜುಗಳಾಗಿದ್ದರೆ ರಿಪೋರ್ಟ್‌ಬಗ್ ಬಳಸಿ ದೂರು ಕೊಡಿ. ಪ್ಯಾಕೇಜು ಕಟ್ಟಿದವರು ಬ್ರೇಕ್ಸ್, ರಿಪ್ಲೇಸಸ್ ಎಂಬ ಆ ಒಂದೆರಡು ಸಾಲು ತಿದ್ದಿದರೆ ಮುಂದೆ ಹಾಕಿಕೊಳ್ಳುವ ಯಾರಿಗೂ ಈ ತೊಂದರೆ ಬಾರದು.