ದ್ವೀಪದ ದೇವರು, ಹೊಳೆಯ ನೀರು

ಶ್ರೀರಂಗಪಟ್ಟಣ ಒಂದು ದ್ವೀಪ ಎಂಬುದು ದಿನಾ ಓಡಾಡುವ ನಮ್ಮ ಕಡೆಯವರಿಗೇ ನೆನಪಿರುವುದಿಲ್ಲ. ಶೀಳನೆರೆಯಿಂದ ಚಿನಕುರಳಿ, ಪಾಂಡವಪುರ, ಕಿರಂಗೂರು ಹಾದು ಬಂದರೆ ಒಂದು ಸೇತುವೆ. ಮುಂದೆ ಮೈಸೂರಿಗೆ ಹೋಗಲು ಇನ್ನೊಂದು. ಊರಿನ ಪಡುವಲಿಗೆ ಕಾವೇರಿ ಎರಡು ಕವಲಾಗಿ, ಊರನ್ನು ಬಳಸಿಕೊಂಡು ಹರಿದು, ಮೂಡಲಿಗೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಇಂದಿಗೂ ಉತ್ತರದ ಕವಲಿನಲ್ಲಿವೆ.

ಈ ದ್ವೀಪದ ದೊಡ್ಡ ದೇವರು ರಂಗನಾಥ. ಆ ಗುಡಿಯ ಹುಟ್ಟನ್ನು ಗಂಗರ ಕಾಲದ ತಿರುಮಲಯ್ಯನ ಹೆಸರಿಗೆ ಸೇರಿಸುತ್ತಾರೆ. ಆದರೆ ನಮ್ಮ ಬೀದಿಯ ಹೆಂಗಸರು ಹರಕೆ ಹೊತ್ತು ಹೋಗುವುದು ಗಂಜಾಂ ಕಡೆಗೆ, ನಿಮಿಷಾಂಬೆಯ ಹತ್ತಿರಕ್ಕೆ. ರಂಗನಾಥನ ಮುಂದೆ ಅವಳದು ಚಿಕ್ಕ ಗುಡಿ. ತಾಯಿಯ ಎದುರಿಗೆ ಶ್ರೀಚಕ್ರ, ಜೊತೆಗೆ ಮೌಕ್ತಿಕೇಶ್ವರ. ಮದುವೆ ಕೂಡಿಬರದವರು, ಮಡಿಲು ತುಂಬದವರು, ಕೋರ್ಟು ಕಚೇರಿ ಅಲೆದು ಸೋತವರು ಎಲ್ಲರೂ ನಿಂಬೆಹಣ್ಣು, ಬಳೆ, ಸೀರೆ ಹಿಡಿದು ಸಾಲಿನಲ್ಲಿರುತ್ತಾರೆ. ಮೆಟ್ಟಿಲಿಳಿದರೆ ಹೊಳೆ. ಕನ್ನಂಬಾಡಿ ಕಟ್ಟೆ ತುಂಬಿ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಸ್ನಾನಘಟ್ಟವೇ ಮುಳುಗುತ್ತದೆ. ಆಗ ಮೀಯುವುದಿಲ್ಲ, ದೂರದಿಂದಲೇ ಕೈಮುಗಿದು ಬರುವುದು.

ಇಂಥದೇ ಇನ್ನೊಂದು ದ್ವೀಪದ ಗುಡಿ ಕಂಡದ್ದು ಜಪಾನಿನಲ್ಲಿ. ಮೇಷ್ಟರಿಕೆಯಿಂದ ನಿವೃತ್ತಳಾದ ಮೇಲೆ ಅಲ್ಲಿನ ಯೊಕೊಹಾಮಾದಲ್ಲಿ ಕೆಲಸಕ್ಕಿರುವ ಮಗನ ಮನೆಗೆ ಹೋಗಿದ್ದೆ. ಅವನು ಅಲ್ಲಿಗೆ ಹತ್ತಿರದ ಎನೋಶಿಮಾ ದ್ವೀಪ ತೋರಿಸಿದ. ಸಮುದ್ರದ ಮೇಲೆ ನಡೆದು ಹೋಗುವ ಸೇತುವೆ, ದಾಟಿದ ಕೂಡಲೇ ತೋರಿ ಎಂಬ ಕಂಚಿನ ಹೆಬ್ಬಾಗಿಲು, ಎರಡೂ ಕಡೆ ಅಂಗಡಿಗಳು, ಆಮೇಲೆ ಮೆಟ್ಟಿಲೋ ಮೆಟ್ಟಿಲು. ಮಂಡಿನೋವಿನವರಿಗೆ ಟಿಕೆಟ್ ಕೊಟ್ಟು ಹತ್ತುವ ಎಸ್ಕಲೇಟರ್ 1959ರಿಂದ ಇದೆಯಂತೆ. ನಾನೂ ಅದನ್ನೇ ಹತ್ತಿದೆ.

ಅಲ್ಲಿನ ಎಂಟು ಮೂಲೆಯ ಚಿಕ್ಕ ಮಂಟಪದೊಳಗೆ ಬೆಂಜೈತೆನ್ ಎಂಬ ದೇವಿ, ಎಂಟು ಕೈಯವಳು. ನಮ್ಮ ದುರ್ಗಿಯ ತಂಗಿ ಇರಬೇಕು ಅಂದುಕೊಂಡೆ. ಆದರೆ ಅವಳು ಸರಸ್ವತಿ. ಬೌದ್ಧ ಧರ್ಮದ ಜೊತೆ ಚೀನಾ ಹಾದು ಜಪಾನಿಗೆ ಹೋದವಳು. ಮೂಲದಲ್ಲಿ ನದಿಯಾದ್ದರಿಂದಲೋ ಏನೋ, ಅವಳ ಗುಡಿಗಳು ಹೆಚ್ಚಾಗಿ ನೀರಿನ ನಡುವೆ ಇಲ್ಲವೇ ದಡದಲ್ಲೇ ಇವೆ. ಬಿವಾ ಸರೋವರದ ಚಿಕುಬು ದ್ವೀಪದಲ್ಲೂ ಅವಳೇ. 1868ರಲ್ಲಿ ಮೇಜಿ ಸರ್ಕಾರ ಶಿಂಟೋ ಬೇರೆ, ಬೌದ್ಧ ಬೇರೆ ಎಂದು ಆಜ್ಞೆ ಮಾಡಿತು. ಎನೋಶಿಮಾ ಶಿಂಟೋ ಪಾಲಿಗೆ ಬಂತು. ಈಗ ಅಲ್ಲಿ ಮುಖ್ಯ ಪೂಜೆ ಕಡಲಿನ ಮೂವರು ಅಕ್ಕತಂಗಿಯರಿಗೆ. ಜನ ಮಾತ್ರ ಬೆಂಜೈತೆನ್‌ಳನ್ನು ಬಿಟ್ಟುಕೊಟ್ಟಿಲ್ಲ.

ಶಿಂಟೋ ಗುಡಿಯ ಕ್ರಮ ಸರಳ. ಮೊದಲು ಕೈ, ಬಾಯಿ ತೊಳೆಯುವುದು. ಆಮೇಲೆ ಕಾಸು ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು. ಮಂಗಳಾರತಿ ಇಲ್ಲ, ಗರ್ಭಗುಡಿಯೊಳಗೆ ಇಣುಕುವುದಿಲ್ಲ. ಕೈತೊಳೆಯುವಾಗ ಮಗ, “ಅವ್ವ, ತೊಳೆದ ನೀರು ತೊಟ್ಟಿಗೆ ಬೀಳಬಾರ್ದು, ಆಚೆಗೆ ಚೆಲ್ಲು” ಅಂದ. ಹಿಂದೆ ಬರುವವರಿಗೆ ನೀರು ಚೊಕ್ಕಟವಾಗಿರಬೇಕು, ಅಷ್ಟೇ ಅದರ ಅರ್ಥ. ನಮ್ಮ ಬಾವಿಕಟ್ಟೆಯಲ್ಲೂ ಇದೇ ಕಟ್ಟುಪಾಡಿತ್ತು.

ನಮ್ಮ ಹೊಳೆಗೆ ಮಾತ್ರ ಆ ಕಟ್ಟುಪಾಡಿಲ್ಲ. ಕಾವೇರಿಯಲ್ಲಿ ಮಿಂದವರು ದೋಷ ಕಳೆಯಿತೆಂದು ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ಮೀನಿಗೆ ಕಡಲೆಪುರಿ ಎರಚಿದ ಕೈ ಕವರನ್ನೂ ಎಸೆಯುತ್ತದೆ. ಅದೇ ನೀರು ಕೆಳಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಬೆಂಗಳೂರಿನ ನಲ್ಲಿಗೆ ಹೋಗಬೇಕು. ಅಲ್ಲಿ ಕುಡಿಯುವವರಲ್ಲಿ ನಮ್ಮ ಮಕ್ಕಳು ಮೊಮ್ಮಕ್ಕಳೇ ಎಷ್ಟೋ ಜನ.

ಚಿಕ್ಕ ಗುಡಿಗೆ ಸುತ್ತಲ ನೀರೇ ಪ್ರಾಕಾರ. ದಾಟಿ ಬಂದು, ಮಿಂದು, ತಲೆ ಎತ್ತುವಷ್ಟರಲ್ಲಿ ಮನಸ್ಸು ಅರ್ಧ ಹಗುರಾಗಿರುತ್ತದೆ. ಆ ನೀರನ್ನು ಕೆಡಿಸಿದ ಮೇಲೆ ಒಳಗಿನ ತಾಯಿಗೆ ಎಷ್ಟು ಕುಂಕುಮಾರ್ಚನೆ ಮಾಡಿಸಿದರೇನು? ಈಗ ನಮ್ಮೂರಿಂದ ಹೋಗುವವರಿಗೆಲ್ಲ ಹೇಳುತ್ತೇನೆ: ಹಣ್ಣುಕಾಯಿಯ ಜೊತೆ ಒಂದು ಖಾಲಿ ಚೀಲ ಇಟ್ಟುಕೊಳ್ಳಿ, ಒದ್ದೆ ಬಟ್ಟೆ ಮನೆಗೆ ತನ್ನಿ. ಹಾಗೆ ತಂದವರ ಹರಕೆ ತಪ್ಪಿತೆಂದು ಇದುವರೆಗೆ ಯಾರೂ ನನ್ನ ಹತ್ತಿರ ದೂರಿಲ್ಲ.